ರಿಮ್ ಬೆಂಡ್ ತೆಗೆಯುವುದಕ್ಕೆ ಕಣ್ಣು ಮುಚ್ಚಿ ಹೋಗಿ, ಪೇಂಟ್ ಮಾತ್ರ ಬೇರೆ ಕಡೆ ಮಾಡಿಸಿ

ಕಲಬುರಗಿಯಲ್ಲಿ ಬೈಕಿನ ಅಲಾಯ್ ರಿಮ್ ರಿಪೇರಿ ಯಾರು ಚೆನ್ನಾಗಿ ಮಾಡ್ತಾರೆ ಅಂತ ಕೇಳುವವರು ತುಂಬಾ ಇದ್ದಾರೆ, ಅದಕ್ಕೇ ಬರೀತಿದ್ದೇನೆ. ಅಂಗಡಿ ಇರುವುದು ಹುಮನಾಬಾದ್ ರಸ್ತೆಯಲ್ಲಿ, ಕಪನೂರು ಕಡೆ ಹೋಗುವ ದಾರಿಗೆ. ಬೋರ್ಡ್ ಇಲ್ಲ. ಹೊರಗೆ ಹಳೇ ರಿಮ್‌ಗಳ ರಾಶಿ ಇದೆ, ಒಳಗೆ ಒಬ್ಬ ಉಸ್ತಾದ್, ಇಬ್ಬರು ಹುಡುಗರು, ಅಷ್ಟೇ.

ನನ್ನದು ಪಲ್ಸರ್. ಮಳಖೇಡ ಕಡೆಯಿಂದ ಬರುವಾಗ ಸಿಮೆಂಟ್ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಗೊತ್ತಲ್ಲ, ಗುಂಡಿ ಕಾಣುವುದೇ ಲಾರಿ ಅದನ್ನು ದಾಟಿದ ಮೇಲೆ. ಧಡ್ ಅಂತು. ಮುಂದಿನ 17 ಇಂಚಿನ ರಿಮ್ಮಿನ ಅಂಚು ಒಂದು ಕಡೆ ಒಳಗೆ ಕುಳಿತುಬಿಟ್ಟಿತು. ಟ್ಯೂಬ್‌ಲೆಸ್ ಟೈರ್ ಬೇರೆ, ರಾತ್ರಿ ಗಾಳಿ ಹಾಕಿ ನಿಲ್ಲಿಸಿದರೆ ಬೆಳಿಗ್ಗೆ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಪಂಚರ್ ಅಂಗಡಿಯವರು ‘ಸುತ್ತಿಗಿಲೆ ಎರಡು ಬಾರಿಸಿದ್ರ ಸರಿ ಆಗ್ತದ್ರಿ’ ಅಂದರು. ಕಡ್ಡಿ ಚಕ್ರದ ಕಬ್ಬಿಣದ ರಿಮ್ ಆಗಿದ್ದರೆ ಹೂಂ ಅನ್ನಬಹುದಿತ್ತು. ಅಲಾಯ್ ಅಂದರೆ ಎರಕ ಹೊಯ್ದ ಅಲ್ಯೂಮಿನಿಯಂ. ಒಮ್ಮೆ ಬಾಗಿದ್ದನ್ನು ತಣ್ಣಗಿರುವಾಗಲೇ ಬಾರಿಸಿ ವಾಪಸ್ ತರಲು ಹೋದರೆ ಸೀಳು ಬಿಡುತ್ತದೆ.

ಉಸ್ತಾದ್ ಮೊದಲು ಮಾಡಿದ್ದೇ ಸೀಳು ಹುಡುಕುವ ಕೆಲಸ. ರಿಮ್ಮನ್ನು ಒರೆಸಿ, ಬಾಗಿದ ಜಾಗಕ್ಕೆ ಚಿಮಣಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದರು. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಸಣ್ಣ ಗೆರೆ ಮೂಡುತ್ತದೆ. ನನ್ನ ರಿಮ್ಮಿನಲ್ಲಿ ಗೆರೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗನ ರಿಮ್ಮಿನಲ್ಲಿ ಬಂತು, ಅದೂ ನಡುವಿನ ಗುಂಬಕ್ಕೆ (ಹಬ್) ರಿಮ್ಮಿನ ಕಾಲು, ಅಂದರೆ ಸ್ಪೋಕ್, ಸೇರುವ ಕಡೆ. ಅವನು ಆರ್ಗಾನ್ ವೆಲ್ಡಿಂಗ್ ಮಾಡಿಕೊಡಿ ಅಂತ ಎಷ್ಟು ಕೇಳಿಕೊಂಡರೂ ‘ಬ್ಯಾಡಪ್ಪಾ, ಇದಕ್ಕ ವೆಲ್ಡಿಂಗ್ ಹಚ್ಚಿ ಕೊಟ್ರ ನಾಳೆ ನನ್ ಮೈಮ್ಯಾಲೆ ಬರ್ತದ, ಹೊಸದು ಹಾಕ್ಸು’ ಅಂತ ವಾಪಸ್ ಕಳಿಸಿದರು. ಬರುವ ದುಡ್ಡು ಬಿಡುವ ಮೆಕ್ಯಾನಿಕ್ ಎಷ್ಟು ಜನ ಇದ್ದಾರೆ ಹೇಳಿ. ನನಗೆ ಅಲ್ಲೇ ನಂಬಿಕೆ ಬಂತು.

ಆಮೇಲೆ ರಿಮ್ಮನ್ನು ಶಾಫ್ಟಿಗೆ ಹಾಕಿ, ಸೊಟ್ಟ ಎಷ್ಟಿದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ತಿರುಗಿಸಿದರು. ಮುಳ್ಳು ಎಷ್ಟು ಆಡುತ್ತದೆ ಅಂತ ನನ್ನನ್ನೇ ಕರೆದು ತೋರಿಸಿದರು, ಮೂರು ಮಿಲಿಮೀಟರ್ ದಾಟಿತ್ತು. ಸಾಮಾನ್ಯವಾಗಿ ಬೈಕ್ ಕಂಪನಿಗಳು ಹೇಳುವ ಮಿತಿ 2 ಮಿಲಿಮೀಟರ್. ಬೆಂಡ್ ತೆಗೆಯುವಾಗ ಗ್ಯಾಸ್ ಜ್ವಾಲೆಯಲ್ಲಿ ಬಿಸಿ ಮಾಡುತ್ತಾರೆ, ಆದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ತೋರಿಸುವುದಿಲ್ಲ, ಕೆಂಪಾಗಲಿ ಅಂತ ಕಾದರೆ ಕರಗಿಯೇ ಹೋಗುತ್ತದೆ. ಅದಕ್ಕೆ ಇವರು ಪಕ್ಕದಲ್ಲಿ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆದಿದ್ದರು. ಗೆರೆ ಕಂದು ತಿರುಗುವ ಲಕ್ಷಣ ಕಂಡ ತಕ್ಷಣ ಜ್ವಾಲೆ ತೆಗೆಯುತ್ತಾರೆ. ಕಪ್ಪಾಗುವವರೆಗೆ ಬಿಟ್ಟರೆ ಲೋಹ ಮೆತ್ತಗಾಗಿ, ಮುಂದಿನ ಗುಂಡಿಗೇ ಮತ್ತೆ ಬಾಗುತ್ತದಂತೆ. ಒತ್ತುವುದು ಹೈಡ್ರಾಲಿಕ್ ಜ್ಯಾಕಿನಿಂದ, ಮಧ್ಯೆ ಮರದ ತುಂಡು ಇಟ್ಟು, ಸ್ವಲ್ಪ ಸ್ವಲ್ಪವೇ. ಸುತ್ತಿಗೆ ಮುಟ್ಟಲೇ ಇಲ್ಲ. ಕೊನೆಗೆ ಮುಳ್ಳು ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಡಿತು. ಬೆಂಡ್ ತೆಗೆದಿದ್ದಕ್ಕೆ ತಗೊಂಡಿದ್ದು 800 ರೂಪಾಯಿ. ಹೊಸ ರಿಮ್ಮಿನ ರೇಟ್ ಒಮ್ಮೆ ವಿಚಾರಿಸಿ ನೋಡಿ, ಇದು ಏನೂ ಅಲ್ಲ ಅನಿಸುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಆದರೆ ಬಿಸಿ ಮಾಡಿದ ಕಡೆ ಬಣ್ಣ ಸುಟ್ಟಿತ್ತಲ್ಲ, ಕಪ್ಪು ಪೇಂಟೂ ಇವರೇ ಹೊಡೆದುಕೊಟ್ಟರು, ಅದು ಹುಡುಗರ ಕೆಲಸ. ಮೇ ತಿಂಗಳ ಮಟಮಟ ಮಧ್ಯಾಹ್ನ, ತಗಡಿನ ಶೆಡ್ಡು, ಹೊರಗೆ 42 ಡಿಗ್ರಿ. ಅಂಥ ಬಿಸಿಲಿಗೆ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ರಿಮ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿರುತ್ತದೆ. ಕೈಯಾಡಿಸಿದರೆ ರವೆ ಉದುರಿಸಿದ ಹಾಗೆ ತರಿತರಿ. ಮೇಲಿಂದ ರಸ್ತೆಯ ಧೂಳು ಕೂತಿದ್ದು ಬೇರೆ. ಕಾಲುಗಳ ಸಂದಿಯಲ್ಲಿ ಎಮರಿ ಪೇಪರ್ ಸರಿಯಾಗಿ ಆಡಿಸದೇ ಹಳೇ ಬಣ್ಣದ ಮೇಲೇ ಹೊಡೆದಿದ್ದಾರೆ, ಅಲ್ಲಿ ಆಗಲೇ ಸಿಪ್ಪೆ ಏಳುತ್ತಿದೆ.

ನೋಟ ಹೋಗಲಿ ಬಿಡಿ. ನನಗೆ ಸಿಟ್ಟು ಬಂದಿದ್ದು ಟೇಪ್ ಅಂಟಿಸದೇ ಹೊಡೆದಿದ್ದಕ್ಕೆ. ಟೈರಿನ ಅಂಚು ಕೂರುವ ಜಾಗಕ್ಕೂ ಬಣ್ಣ, ಡಿಸ್ಕ್ ಕೂರುವ ಮುಖಕ್ಕೂ ದಪ್ಪಗೆ ಬಣ್ಣ. ಟೈರ್ ಕೂರುವ ಕಡೆ ಬಣ್ಣ ಸಿಪ್ಪೆ ಎದ್ದರೆ ಗಾಳಿ ಮತ್ತೆ ಇಳಿಯುತ್ತದೆ. ಡಿಸ್ಕ್ ಕೆಳಗೆ ಬಣ್ಣ ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಇದ್ದರೆ ಡಿಸ್ಕ್ ಸೊಟ್ಟ ಕೂತು, ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ನಡುಗುತ್ತದೆ. ನನಗೆ ಆಗಿದ್ದೂ ಅದೇ. ವಾಪಸ್ ಒಯ್ದು ತೋರಿಸಿದೆ, ಉಸ್ತಾದ್ ಹುಡುಗನಿಗೆ ಬೈದು, ತಾವೇ ಕೂತು ಎರಡೂ ಕಡೆ ಕೆರೆದು ಲೋಹ ಕಾಣುವ ಹಾಗೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಆಮೇಲೆ ಗಾಳಿಯೂ ನಿಂತಿದೆ, ನಡುಕವೂ ಇಲ್ಲ. ಆದರೂ ಪೇಂಟಿಗೆ ಕೊಟ್ಟ 600 ದಂಡವೇ.

ಹಾಗಾಗಿ ಇಲ್ಲಿ ಬೆಂಡ್ ಮಾತ್ರ ತೆಗೆಸಿ. ಬಣ್ಣಕ್ಕೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಬೇಯಿಸುವುದು) ಮಾಡುವವರ ಹತ್ತಿರ ಒಯ್ಯಿರಿ. ಆದರೆ ಅವರು ಓವನ್‌ನಲ್ಲಿ 180ರಿಂದ 200 ಡಿಗ್ರಿಗೆ ಬೇಯಿಸುತ್ತಾರೆ, ಆದ್ದರಿಂದ ಬೇರಿಂಗ್, ಆಯಿಲ್ ಸೀಲ್, ವಾಲ್ವ್ ಎಲ್ಲ ಬಿಚ್ಚಿಸಿಯೇ ಕೊಡಿ, ಟೈರ್ ಮತ್ತು ಡಿಸ್ಕ್ ಕೂರುವ ಜಾಗಕ್ಕೆ ಟೇಪ್ ಹಾಕಿ ಅಂತ ಬಾಯಿ ಬಿಟ್ಟು ಹೇಳಿ. ಹೇಳದೇ ಇದ್ದರೆ ಯಾರೂ ಹಾಕಲ್ಲ. ಟೈರ್ ಹಾಕಿದ ಮೇಲೆ ಬ್ಯಾಲೆನ್ಸಿಂಗೂ ಮಾಡಿಸಬೇಕು, ಈ ಅಂಗಡಿಯಲ್ಲಿ ಆ ಮಷೀನ್ ಇಲ್ಲ.

ಇನ್ನೊಂದು, ಬೈಕನ್ನೇ ತಗೊಂಡು ಹೋದರೆ ಚಕ್ರ ಬಿಚ್ಚಿ ಹಾಕುವುದಕ್ಕೆ ಬೇರೆ ಚಾರ್ಜ್. ಟೈರ್ ಬಿಚ್ಚಿಸಿ ರಿಮ್ ಮಾತ್ರ ಒಯ್ದರೆ ಅಷ್ಟು ಉಳಿಯುತ್ತದೆ. ಫೋನ್‌ಪೇ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಶಟರ್ ಎಳೆದಿರುತ್ತಾರೆ, ನಾಲ್ಕು ಗಂಟೆ ಮೇಲೆ ಹೋಗಿ.