ಶ್ರೀರಂಗಪಟ್ಟಣದಲ್ಲಿ ಯುದ್ಧದ ಜಾಗಗಳ ನಡಿಗೆ: ತಪ್ಪದೇ ಹೋಗಿ, ಬಿಡುವು ಮಾಡಿಕೊಂಡು ಹೋಗಿ

ಮೈಸೂರಿನವರಿಗೆ ಪಟ್ಟಣ ಅಂದರೆ ರಂಗನಾಥನ ದರ್ಶನ, ಸಂಗಮ, ದರಿಯಾ ದೌಲತ್, ಆಮೇಲೆ ಮನೆ. ನೆಂಟರು ಬಂದಾಗಲೆಲ್ಲ ಇದೇ ಸುತ್ತು, ಅಲ್ವಾ? ಈ ಸಲ ಅಲ್ಲಿಯವರೇ ಆದ ಒಬ್ಬ ಹಿರಿಯ ಗೈಡ್ ನಡೆಸುವ ನಡಿಗೆಗೆ ಹೋಗಿದ್ದೆವು. ಬರೀ ಯುದ್ಧದ ಜಾಗಗಳು. ತಲೆಗೆ 500 ರೂಪಾಯಿ. ದುಡ್ಡಿಗೆ ಮೋಸ ಇಲ್ಲ.

ಇಡೀ ನಡಿಗೆಯಲ್ಲಿ ಮನಸ್ಸಿನಲ್ಲಿ ಉಳಿಯುವುದು ಕೋಟೆಗೋಡೆ ಒಡೆದ ಜಾಗ. ಹೊಳೆ ಕಡೆ ಮುಖ ಮಾಡಿ ನಿಲ್ಲಿಸಿ, ಒಂದು ಕಡ್ಡಿಯಲ್ಲಿ ಮಣ್ಣಿನ ಮೇಲೆ ಕೋಟೆಯ ನಕ್ಷೆ ಗೀಚಿದರು. "ನೋಡಿ ಸಾರ್, ಫಿರಂಗಿ ಇದ್ದದ್ದು ಆ ದಡದಲ್ಲಿ, ಜನ ನುಗ್ಗಿದ್ದು ಇಲ್ಲಿ" ಅಂದರು. 1799ರ ಮೇ 4, ಮಧ್ಯಾಹ್ನ. ಮಳೆಗಾಲ ಶುರುವಾದರೆ ಕಾವೇರಿ ದಾಟೋಕೆ ಆಗೋದಿಲ್ಲ ಅಂತ ಇಂಗ್ಲಿಷರಿಗೆ ಗೊತ್ತಿತ್ತು, ಅದಕ್ಕೇ ಆ ಅವಸರ. ಬೇಸಿಗೆಯಲ್ಲಿ ಅಲ್ಲಿ ನಿಂತು ಬಂಡೆಗಳ ನಡುವೆ ಹರಿಯುವ ನೀರು ನೋಡಿದರೆ ವಿಷಯ ತಾನಾಗೇ ಅರ್ಥವಾಗುತ್ತದೆ. ಮುಂದೆ ನಿಂತು ದಾಳಿ ನಡೆಸಿದ ಇಂಗ್ಲಿಷ್ ಅಧಿಕಾರಿ ಬೇರ್ಡ್, 1780ರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಕೈದಿಯಾಗಿದ್ದವನು. ಇದನ್ನು ಗೈಡ್ ಹೇಳಿದ್ದು ಸೆರೆಮನೆಗೆ ಕರೆದುಕೊಂಡು ಹೋದಾಗ. ಹೀಗೆ ಒಂದು ಜಾಗವನ್ನು ಇನ್ನೊಂದಕ್ಕೆ ಜೋಡಿಸುವುದರಲ್ಲಿ ಅವರು ಪಳಗಿದವರು.

ಗೋಡೆ ಒಡೆದ ಜಾಗದ ಹತ್ತಿರವೇ ಒಂದು ಕಲ್ಲಿನ ಕಂಬ ಇದೆ. ನಿಲ್ಲಿಸಿದ್ದು ಮೈಸೂರು ಸರ್ಕಾರ, 1907ರಲ್ಲಿ. ಅದರ ಮೇಲೆ ಇಂಗ್ಲಿಷರ ಸೇನಾಪತಿ ಜನರಲ್ ಹ್ಯಾರಿಸ್ ಸೇನೆಯ ಗೆಲುವಿನ ಮಾತು, ಆ ಕಡೆ ಸತ್ತ ಅಧಿಕಾರಿಗಳ ಹೆಸರು. ಕೋಟೆ ಕಾಯುತ್ತಾ ಸತ್ತ ನಮ್ಮವರ ಹೆಸರು ಅದರಲ್ಲಿ ಇಲ್ಲ. ಅವತ್ತು ಟಿಪ್ಪು ಸತ್ತದ್ದು ಎಲ್ಲರಿಗೂ ಗೊತ್ತು. ಅದೇ ದಿನ, ಅದಕ್ಕೂ ಮುಂಚೆ, ಫಿರಂಗಿ ಗುಂಡಿಗೆ ಬಿದ್ದ ಸೇನಾಪತಿ ಸಯ್ಯದ್ ಗಫಾರ್ ಎಷ್ಟು ಜನಕ್ಕೆ ಗೊತ್ತು? ಅವನ ಕೈಕೆಳಗಿದ್ದ ಕಾಲಾಳುಗಳ ವಿಷಯ ಕೇಳುವವರೇ ಇಲ್ಲ. ಕಂಬದ ಮುಂದೆ ನಿಂತು ಆ ಹೆಸರುಗಳನ್ನು ಓದುವಾಗ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ಅದಕ್ಕೇ ಇಲ್ಲಿ ಒಂದು ಮಾತು ಬರೆಯಲೇಬೇಕು. ಈ ನೆಲದ ಯುದ್ಧಗಳಿಗೆ ಅಂತ ನಮ್ಮ ವಿಧಾನಮಂಡಲ ಒಂದು ನೆನಪಿನ ದಿನ ಮಾಡಬೇಕು. ಟಿಪ್ಪು ಜಯಂತಿ ಅನುಭವ ಇದೆಯಲ್ಲ ಅನ್ನುತ್ತೀರಿ. 2015ರಲ್ಲಿ ಸರ್ಕಾರ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಸರ್ಕಾರಿ ಆದೇಶದ ಹಣೆಬರಹವೇ ಅಷ್ಟು. ಅದೂ ಅಲ್ಲದೆ ಅದು ಒಬ್ಬ ದೊರೆಯ ಹುಟ್ಟುಹಬ್ಬ, ನಾನು ಕೇಳುತ್ತಿರುವುದು ಸತ್ತ ಸೈನಿಕರ ದಿನ. ಎರಡೂ ಸದನ ಚರ್ಚೆ ಮಾಡಿ ಕಾನೂನು ಮಾಡಿದರೆ ಅಷ್ಟು ಸುಲಭವಾಗಿ ಅಳಿಸೋಕೆ ಆಗೋದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1777ರ ಬೆನ್ನಿಂಗ್ಟನ್ ಯುದ್ಧದ ನೆನಪಿಗೆ ಆಗಸ್ಟ್ 16 ಕಾನೂನಿನ ಪ್ರಕಾರವೇ ರಜೆ. ಆ ಯುದ್ಧ ನಡೆದ ಬಯಲು ಇರುವುದು ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ, ಆದರೂ ಅವರು ಬಿಟ್ಟಿಲ್ಲ. ನಮಗೆ ರಜೆಯೂ ಬೇಡ. ಶಾಲೆ ಮಕ್ಕಳನ್ನು ಕೋಟೆಗೆ ಕರೆತಂದು, ಆ ಕಂಬದ ಪಕ್ಕದಲ್ಲಿ ನಮ್ಮವರಿಗೂ ಒಂದು ಕಲ್ಲು ನಿಲ್ಲಿಸಿದರೆ ಸಾಕು. ಸೋತ ಯುದ್ಧಗಳೂ ಅದರಲ್ಲಿ ಸೇರಲಿ. ಮಂಡ್ಯ ಜಿಲ್ಲೆ ಒಂದರಲ್ಲೇ ಚಿನಕುರಳಿ ಇದೆ, ಮರಾಠರ ಎದುರು, 1771. ಇಂಗ್ಲಿಷರ ಎದುರು ಅರಕೆರೆ, 1791. ಮಳವಳ್ಳಿ, 1799ರ ಮಾರ್ಚ್ 27. ದೂರದ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರನ್ನು ನಮ್ಮ ಸೇನೆ ಹೈಫಾ ದಿನ ಅಂತ ನೆನೆಯುತ್ತದೆ, ಮಳವಳ್ಳಿಯಲ್ಲಿ ಬಿದ್ದವರನ್ನು ಯಾರು ನೆನೆಯಬೇಕು?

ನಡಿಗೆಗೆ ಬರೋಣ. ಅಲ್ಲಿಂದ ಆಟೋದಲ್ಲಿ ದರಿಯಾ ದೌಲತ್. ಪಡುವಣ ಗೋಡೆಯ ಪೊಳ್ಳಿಲೂರು ಚಿತ್ರದ ಮುಂದೆ ತುಂಬಾ ಹೊತ್ತು ನಿಲ್ಲಿಸುತ್ತಾರೆ. ಚೌಕಾಕಾರವಾಗಿ ನಿಂತ ಕೆಂಪು ಅಂಗಿಯವರು, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಅವರ ದಂಡನಾಯಕ ಬೇಯ್ಲಿ, ಹೊತ್ತಿ ಸಿಡಿಯುವ ಮದ್ದಿನ ಗಾಡಿ. ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತಾರೆ. ಸುಮ್ನೆ ನೋಡಿಕೊಂಡು ಹೋಗುವವರಿಗೆ ಇದು ಬರೀ ಕುದುರೆ, ಆನೆಗಳ ಸಾಲು ಅಷ್ಟೇ.

ಕೊರತೆಯೂ ಇದೆ. ಇಂಗ್ಲಿಷ್ ಪಡೆಯವರನ್ನು ಹೂಳಿದ ಗ್ಯಾರಿಸನ್ ಸಮಾಧಿ ಬಯಲಿಗೆ ಬರುವ ಹೊತ್ತಿಗೆ ಬಿಸಿಲು ಏರಿ ಎಲ್ಲ ಅವಸರ. ಅರಕೆರೆ, ಮಳವಳ್ಳಿ ಬರೀ ಮಾತಿನಲ್ಲಿ ಬಂದು ಹೋಗುತ್ತವೆ. ಕೈಗೆ ಕೊಡುವ ಹಾಳೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಹೇಳುವವರು ಕನ್ನಡದ ಹಾಳೆ ಕೊಡದೇ ಇದ್ದರೆ ಹೇಗೆ? ಕೇಳಿದಾಗ ಮಾಡಿಸುತ್ತೇನೆ ಅಂದಿದ್ದಾರೆ. ನೀವು ಹೋದರೂ ಕೇಳಿ. ಬೆಳಿಗ್ಗೆ ಬೇಗ ಶುರು ಮಾಡಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಮೊಣಕಾಲು ನೋವು ಇರುವ ಹಿರಿಯರು ಜೊತೆಗಿದ್ದರೆ ಮೊದಲೇ ಹೇಳಿ, ಸೆರೆಮನೆಯ ಮೆಟ್ಟಿಲು ಬಿಟ್ಟು ಮಿಕ್ಕದ್ದನ್ನು ಆಟೋದಲ್ಲೇ ತೋರಿಸುತ್ತಾರೆ.