ಪಕ್ಕದ ಕೆರೆಯವರು ಬೇಗ ಸಿಗಡಿ ಹಿಡಿದರೆ ಕಾರಣ ಕೇಳಿ, ಆಮೇಲೆ ಪಂಪ್ ಹಾಕಿ

ಕುಂದಾಪುರದ ಹತ್ತಿರ ಹೊಳೆ ಬದಿಯಲ್ಲಿ ಒಂದೂವರೆ ಎಕರೆ ಸಿಗಡಿ ಕೆರೆ ಗೇಣಿಗೆ ತಗೊಂಡಿದ್ದೆ. ನವೆಂಬರ್‌ನಲ್ಲಿ 2 ಲಕ್ಷ ವನ್ನಾಮಿ ಜಾತಿಯ ಸಿಗಡಿ ಮರಿ ಬಿಟ್ಟೆ. 46ನೇ ದಿನಕ್ಕೆ ಕೆರೆ ಖಾಲಿ. ಬಿಳಿ ಚುಕ್ಕೆ ರೋಗ, ಸಿಗಡಿಗೆ ಬರುವ ವೈರಸ್ ಕಾಯಿಲೆ. ಗೇಣಿ, ಮರಿ, ಫೀಡ್, ಕರೆಂಟು ಎಲ್ಲಾ ಸೇರಿ ಸುಮಾರು 4.5 ಲಕ್ಷ ನೀರಿಗೆ ಹೋಯಿತು. ಈ ಸಲ ಮಳೆ ಕಳೆದ ಮೇಲೆ ಕೆರೆ ಮಾಡುವ ಯೋಚನೆ ಇರುವವರು, ಅದರಲ್ಲೂ ನನ್ನ ಹಾಗೆ ಹೊಸಬರು, ಒಮ್ಮೆ ಓದಿ.

ನಮ್ಮಿಂದ ಎರಡು ಕೆರೆ ಆಚೆ ಒಬ್ಬರದ್ದಿದೆ. ಹೆಸರು ಬೇಡ. ಡಿಸೆಂಬರ್ ಕೊನೆಗೆ ಅವರು ಇದ್ದಕ್ಕಿದ್ದ ಹಾಗೆ ಸಿಗಡಿ ಹಿಡಿದರು. ಬಿಟ್ಟು 50 ದಿನವೂ ಆಗಿರಲಿಲ್ಲ, ಕೆಜಿಗೆ 150 ಸಿಗಡಿ ಬೀಳುವ ಸಣ್ಣ ಮಾಲು. "ಎಂತಾಯ್ತಣ್ಣ, ಇಷ್ಟು ಬೇಗ?" ಅಂತ ಕೇಳಿದೆ. "ಎಂತಾ ಇಲ್ಲ ಮರಾಯ, ರೇಟ್ ಲಾಯ್ಕಿತ್, ಹಿಡ್ದೆ" ಅಂದರು. ನಾನೂ ನಂಬಿದೆ. ಅಷ್ಟು ಸಣ್ಣ ಮಾಲಿಗೆ ಯಾವ ಕಾಲದಲ್ಲಿ ರೇಟ್ ಬಂದಿದೆ, ಇಷ್ಟು ಅವಸರದಲ್ಲಿ ಹಿಡಿಯುವುದು ಹೆಚ್ಚಾಗಿ ರೋಗ ಬಂದಾಗಲೇ ಅಲ್ವಾ ಅಂತ ಆಗಲೇ ತಲೆಗೆ ಹೋಗಬೇಕಿತ್ತು. ರಾತ್ರಿ ಇಳಿತದ ಹೊತ್ತಿಗೆ ತೂಬು ತೆಗೆದು ಅವರು ಕೆರೆ ನೀರನ್ನು ಹೊಳೆಗೆ ಬಿಟ್ಟಿದ್ದು ಆಮೇಲೆ ಗೊತ್ತಾಯಿತು. ಉಬ್ಬರ ಬಂದಾಗ ಅದೇ ನೀರು ವಾಪಸ್ ಬರ್ತದಲ್ವಾ. ನಾನು ಮಾರನೇ ದಿನವೇ ಪಂಪ್ ಹಾಕಿ ಅರ್ಧ ಅಡಿ ನೀರು ಏರಿಸಿದೆ.

ಇಲ್ಲಿ ನನ್ನ ತಪ್ಪೂ ಇದೆ. ಕೆರೆಯ ಪಕ್ಕದಲ್ಲೇ ಒಂದು ಸಣ್ಣ ಕೆರೆ ಇತ್ತು, ಹೊಳೆ ನೀರನ್ನು ಮೊದಲು ಅಲ್ಲಿ ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕಿ, ಕೆಲವು ದಿನ ಬಿಟ್ಟು, ಕ್ಲೋರಿನ್ ಹೋದ ಮೇಲೆ ಒಳಗೆ ಬಿಡಲಿಕ್ಕೆ ಅಂತಲೇ ಮಾಡಿಟ್ಟದ್ದು. ಸುಮ್ನೆ ಜಾಗ ಯಾಕೆ ಹಾಳು ಅಂತ ಅದರಲ್ಲೂ ಮರಿ ಬಿಟ್ಟಿದ್ದೆ. ಏಡಿ ಒಳಗೆ ಬಾರದ ಹಾಗೆ ದಂಡೆ ಸುತ್ತ ಬಲೆ ಕಟ್ಟಬೇಕು, ಮೇಲೆ ಹಕ್ಕಿಗೆ ಹಗ್ಗ ಎಳೀಬೇಕು ಅಂತ ಭಾವ ಹೇಳಿದ್ದರು, ಅದನ್ನೂ ಅರ್ಧಂಬರ್ಧ ಮಾಡಿದೆ. ಏಡಿಗೆ ರೋಗ ಕಾಣಿಸದೇ ಇದ್ದರೂ ವೈರಸ್ ಹೊತ್ತು ತಿರುಗ್ತದೆ. ಕಾಗೆ ಒಂದು ಕೆರೆಯ ಸತ್ತ ಸಿಗಡಿ ಕಚ್ಚಿಕೊಂಡು ಹೋಗಿ ಇನ್ನೊಂದರಲ್ಲಿ ಬೀಳಿಸ್ತದೆ.

43ನೇ ದಿನ ಚೆಕ್ ಟ್ರೇಯಲ್ಲಿ (ಸಿಗಡಿ ಎಷ್ಟು ತಿಂತು ಅಂತ ನೋಡಲು ನೀರಿಗಿಳಿಸುವ ತಟ್ಟೆ) ಫೀಡ್ ಪೂರಾ ಖಾಲಿ. ಖುಷಿಯಾಗಿ ಮರುದಿನ ಜಾಸ್ತಿ ಹಾಕಿದೆ, ಅದು ಹಾಗೇ ಉಳಿಯಿತು. ಬೆಳಿಗ್ಗೆ ಚಳಿ ಇತ್ತು, ಅದಕ್ಕೇ ತಿಂದಿಲ್ಲ ಅಂದುಕೊಂಡೆ. ನೀರು ತಣ್ಣಗಾದಾಗಲೇ ಈ ರೋಗ ಜೋರು ಮಾಡುವುದು ಅಂತ ಆಗ ಗೊತ್ತಿರಲಿಲ್ಲ. ಸಂಜೆಗೆ ಸಿಗಡಿ ದಂಡೆ ಬದಿಗೆ ಬಂದು ಮಂಕಾಗಿ ನಿಂತಿತ್ತು, ಕೈ ಹಾಕಿದರೂ ಓಡುವುದಿಲ್ಲ. ಕೆಲವದರ ಮೈ ಕೆಂಪಗಾಗಿತ್ತು. ಬಿಳಿ ಚುಕ್ಕೆ ಹುಡುಕಿದೆ, ಸರಿಯಾಗಿ ಕಾಣಲಿಲ್ಲ. ವನ್ನಾಮಿಯಲ್ಲಿ ಎಷ್ಟೋ ಸಲ ಚುಕ್ಕೆ ಸ್ಪಷ್ಟವಾಗಿ ಬರುವುದೇ ಇಲ್ಲ, ಹಾಗಾಗಿ ಚುಕ್ಕೆ ಇಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. 45ಕ್ಕೆ ಕಾಗೆ, ಬೆಳ್ಳಕ್ಕಿ, ಗಿಡುಗ ಎಲ್ಲಾ ಬಂದು ಸೇರಿದವು.

ಆ ಗಾಬರಿಯಲ್ಲಿ ಔಷಧಿ ಮಾರುವವನೊಬ್ಬ ಬಂದ. ವೈರಸ್ಸಿಗೇ ಬಾಟಲಿ ಇದೆ ಅಂದ, ಜೊತೆಗೆ ಒಂದು ಆಂಟಿಬಯೋಟಿಕ್ ಪುಡಿ. 18 ಸಾವಿರ ಕೊಟ್ಟೆ. ಈ ರೋಗ ಬಂದ ಮೇಲೆ ಔಷಧಿ ಇಲ್ಲ. ಮೂರರಿಂದ ಹತ್ತು ದಿನದಲ್ಲಿ ಕೆರೆ ಪೂರ್ತಿ ಹೋಗಬಹುದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಮೇಲಿಂದ ನಿಷೇಧ ಆದದ್ದನ್ನು ಬಳಸಿದರೆ ಆ ಮಾಲನ್ನು ರಫ್ತಿಗೆ ಯಾರೂ ಮುಟ್ಟುವುದಿಲ್ಲ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಸ್ನೇಹಿತನಿಗೆ ಫೋನ್ ಮಾಡಿದ್ದು ಇಷ್ಟೆಲ್ಲಾ ಆದ ಮೇಲೆ. ಅಲ್ಲಿ ತೊಂಬತ್ತರ ದಶಕದಿಂದಲೇ ಈ ವೈರಸ್ ಬಗ್ಗೆ ಕೆಲಸ ಆಗಿದೆ, ಒಂದು ಫೋನ್ ಮಾಡಿ ಮೊದಲೇ ಕೇಳಬಹುದಿತ್ತು, ನಾನು ಕೇಳಿದ್ದು ಔಷಧಿಯವನನ್ನು! ಸ್ನೇಹಿತನ ಮೊದಲ ಪ್ರಶ್ನೆ, "ಮರಿ ನೀನೇ ಪಿಸಿಆರ್ ಮಾಡಿಸಿದ್ಯಾ?" ಅಂದರೆ ಮರಿಯಲ್ಲಿ ವೈರಸ್ ಇದೆಯಾ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆ. ಇಲ್ಲ. ಮರಿ ಕೊಟ್ಟ ಹ್ಯಾಚರಿಯವರು ವಾಟ್ಸಾಪಿನಲ್ಲಿ ಸರ್ಟಿಫಿಕೇಟಿನ ಫೋಟೋ ಕಳಿಸಿದ್ದರು, ಈಗ ತೆಗೆದು ನೋಡಿದರೆ ತಾರೀಕು ನನ್ನ ಮರಿ ಬರುವುದಕ್ಕಿಂತ ಎರಡು ತಿಂಗಳು ಹಿಂದಿನದು. ಎಸ್‌ಪಿಎಫ್ ಮರಿ, ರೋಗ ಬರುವುದೇ ಇಲ್ಲ ಅಂದಿದ್ದರು. ಎಸ್‌ಪಿಎಫ್ ಅಂದರೆ ತಾಯಿ ಸಿಗಡಿಯಲ್ಲಿ ಇಂತಿಂಥ ರೋಗ ಇಲ್ಲ ಅಂತ ಅಷ್ಟೇ, ಕೆರೆಯಲ್ಲಿ ಅಂಟುವುದಿಲ್ಲ ಅಂತ ಅಲ್ಲ. ಪರೀಕ್ಷೆಗೂ ಹತ್ತು ಮರಿ ಕೊಟ್ಟರೆ ಆಗುವುದಿಲ್ಲ. ನೂರಕ್ಕೆ ಎರಡು ಮರಿಗೆ ಮಾತ್ರ ರೋಗ ಇದ್ದರೂ ಸಿಕ್ಕಿಬೀಳಬೇಕಾದರೆ ಸುಮಾರು 150 ಮರಿ ಬೇಕು. ಹಾಗಾಗಿ ರೋಗ ನೀರಿನಿಂದ ಬಂತಾ, ಮರಿಯಿಂದ ಬಂತಾ ಅಂತ ನಾನು ಆಣೆ ಮಾಡಿ ಹೇಳಲಾರೆ. ಎರಡಕ್ಕೂ ಬಾಗಿಲು ತೆರೆದಿಟ್ಟವನು ನಾನೇ.

ಇನ್ನೊಂದು ಹೇಳಲೇಬೇಕು, ಹೇಳಲು ನಾಚಿಕೆ ಆಗ್ತದೆ. ಪಕ್ಕದವರು ಮುಚ್ಚಿಟ್ಟರು ಅಂತ ಬೈಯುವ ನಾನೂ ಎರಡು ದಿನ ಯಾರಿಗೂ ಹೇಳಲಿಲ್ಲ. ಉಳಿದದ್ದನ್ನು ಹಿಡಿದು, ಕತ್ತಲಲ್ಲಿ ತೂಬು ತೆಗೆದು ಬಿಟ್ಟರಾಯಿತು ಅಂತಲೇ ಇದ್ದೆ. ಸ್ನೇಹಿತ ಫೋನಿನಲ್ಲೇ ಉಗಿದ. ತೂಬಿನ ಹಲಗೆ ಮುಟ್ಟಬೇಡ, ಇರುವುದನ್ನು ಬೀಸುಬಲೆಯಲ್ಲಿ ಹಿಡಿ, ಸತ್ತದ್ದನ್ನು ಸುಣ್ಣ ಹಾಕಿ ಹೂಳು, ನೀರಿಗೆ ಬ್ಲೀಚಿಂಗ್ ಹಾಕಿ ವಾರ ಹಾಗೇ ಬಿಡು, ಬಲೆ ಬಕೆಟ್ ಯಾರಿಗೂ ಕೊಡಬೇಡ ಅಂದ. ಹಾಗೇ ಮಾಡಿದೆ. ಬ್ಲೀಚಿಂಗ್ ಮೂಟೆ ಹೊತ್ತದ್ದಕ್ಕೆ ಇನ್ನೂ ಬೆನ್ನು ನೋಯ್ತದೆ. (ಮನೆಯಲ್ಲಿ ಎಲ್ಲರೂ ಕೇಳಿದ್ದು, ತಿಂದರೆ ನಮಗೆ ಬರ್ತದಾ ಅಂತ. ಬರುವುದಿಲ್ಲ, ಮನುಷ್ಯರಿಗೆ ಅಂಟುವ ವೈರಸ್ ಅಲ್ಲ.)

ಆ ದಿನ ಸಂಜೆ ಊರಿನ ಕೆರೆಯವರ ಗುಂಪಿಗೆ ಹಾಕಿದೆ: "ನನ್ನ ಕೆರೆಗೆ ಬಿಳಿ ಚುಕ್ಕೆ ಬಂದಿದೆ, ಹತ್ತು ದಿನ ಯಾರೂ ಹೊಳೆ ನೀರು ಎತ್ತಬೇಡಿ." ಕೆಳಗಿನ ಒಬ್ಬರು ರಾತ್ರಿಯೇ ಪಂಪ್ ನಿಲ್ಲಿಸಿದರು, ಅವರು ಮಾರ್ಚ್‌ನಲ್ಲಿ ಒಳ್ಳೆ ಸೈಜಿಗೆ ಹಿಡಿದರು. ಇನ್ನೊಬ್ಬರು, ಇದನ್ನೆಲ್ಲಾ ಹಾಕಿದರೆ ಖರೀದಿಯವರು ನಮ್ಮ ಕಡೆಗೇ ಬರುವುದಿಲ್ಲ, ಡಿಲೀಟ್ ಮಾಡು ಅಂದರು. ಮಾಡಲಿಲ್ಲ.

ಎರಡು ಕೆರೆ ಆಚೆಯವರು ಮಾತ್ರ ಏನೂ ಹೇಳಲಿಲ್ಲ. ಅವರು ಮತ್ತೆ ನೀರು ತುಂಬಿಸಲು ಶುರು ಮಾಡಿದ್ದಾರಂತೆ. ನಡುವೆ ಎಷ್ಟು ದಿನ ಒಣಗಿಸಿದರು ಅಂತ ನಾಳೆ ಹೋಗಿ ಕೇಳಬೇಕು.