ಎಚ್‌ಎಪ್ರಾಕ್ಸಿ: ಲಾಗಿನ ಐದು ಅಂಕಿಗಳಿಗಾಗಿ ಉಳಿಸಿಕೊಂಡ ಲೋಡ್ ಬ್ಯಾಲೆನ್ಸರ್

ಕಚೇರಿ ಪುಣೆಯ ಖರಾಡಿಯಲ್ಲಿ, ಸರ್ವರ್‌ಗಳು ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಮುಂಬಯಿ ರೀಜನ್‌ನಲ್ಲಿ. ಕೆಲಸ ಮುಂಬಯಿ-ಪುಣೆಯಿಂದ ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಗೆ ಓಡುವ ಖಾಸಗಿ ಬಸ್ಸುಗಳ ಟಿಕೆಟ್ ಬುಕಿಂಗ್. ವರ್ಷದ ಬಹುಪಾಲು ದಿನ ಟ್ರಾಫಿಕ್ ಸಾಧಾರಣ. ಚೌತಿ, ದೀಪಾವಳಿ, ಮೇ ರಜೆ ಹತ್ತಿರ ಬಂತೆಂದರೆ ಊರಿಗೆ ಹೊರಟವರೆಲ್ಲ ಒಂದೇ ಗಂಟೆಯಲ್ಲಿ ಸೈಟಿಗೆ ಮುಗಿಬೀಳುತ್ತಾರೆ. ಇಂಥ ಜಾಗದಲ್ಲಿ, ಬರುವ ರಿಕ್ವೆಸ್ಟುಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ಗಳಾದ ಎಚ್‌ಎಪ್ರಾಕ್ಸಿ, ಎಂಜಿನ್‌ಎಕ್ಸ್, ಎಡಬ್ಲ್ಯುಎಸ್‌ನ ಎಎಲ್‌ಬಿ ಮೂರನ್ನೂ ವರ್ಷಗಟ್ಟಲೆ ಓಡಿಸಿದ ಮೇಲಿನ ಮಾತು ಇದು. ಯಾವುದರಲ್ಲಿ ಎಷ್ಟು ಅಲ್ಗಾರಿದಮ್, ಸೆಕೆಂಡಿಗೆ ಎಷ್ಟು ಕನೆಕ್ಷನ್ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಅವನ್ನು ಬಿಟ್ಟುಬಿಡುತ್ತೇನೆ.

ಎಚ್‌ಎಪ್ರಾಕ್ಸಿಯನ್ನು ಕೈಬಿಡಲಾಗದಂತೆ ಮಾಡಿದ್ದು ಅದರ ಲಾಗ್, ಅಂದರೆ ಪ್ರತಿ ರಿಕ್ವೆಸ್ಟಿಗೂ ಅದು ಬರೆದಿಡುವ ದಾಖಲೆ. 'ಆಪ್ಷನ್ ಎಚ್‌ಟಿಟಿಪಿಲಾಗ್' ಎಂದು ಬರೆದರೆ ಪ್ರತಿ ರಿಕ್ವೆಸ್ಟಿಗೂ ಐದು ಅಂಕಿಗಳು ಬೀಳುತ್ತವೆ, ಎಲ್ಲವೂ ಮಿಲಿಸೆಕೆಂಡಿನಲ್ಲಿ. ಗ್ರಾಹಕರಿಂದ ರಿಕ್ವೆಸ್ಟಿನ ಹೆಡರ್ (ಆರಂಭದ ವಿವರಗಳು) ಪೂರ್ತಿ ಬರಲು ಹಿಡಿದ ಹೊತ್ತು, ಕ್ಯೂನಲ್ಲಿ ಕಾದದ್ದು, ಸರ್ವರ್‌ಗೆ ಕನೆಕ್ಟ್ ಆಗಲು ಹಿಡಿದದ್ದು, ಸರ್ವರ್ ಉತ್ತರದ ಹೆಡರ್ ಕೊಡಲು ತೆಗೆದುಕೊಂಡದ್ದು, ಕೊನೆಗೆ ಒಟ್ಟು. 0/0/1/4210/4215 ಎಂದಿದ್ದರೆ ತಪ್ಪು ಆ್ಯಪ್ ಅಥವಾ ಡೇಟಾಬೇಸಿನದು. 0/3800/1/90/3895 ಎಂದಿದ್ದರೆ ಆ್ಯಪ್ ಚೆನ್ನಾಗಿಯೇ ಇದೆ, ಸರ್ವರ್‌ಗಳ ಸಂಖ್ಯೆ ಸಾಲುತ್ತಿಲ್ಲ. 0/0/1/80/9200 ಎಂದರೆ ಉತ್ತರ ಆಗಲೇ ಸಿದ್ಧವಾಗಿತ್ತು, ಟಿಕೆಟ್ ಪಿಡಿಎಫ್ ಇಳಿಸಿಕೊಳ್ಳುವವರ ಮೊಬೈಲ್ ನೆಟ್‌ವರ್ಕ್ ನಿಧಾನ. ಮೈನಸ್ 1 ಕಂಡರೆ ರಿಕ್ವೆಸ್ಟ್ ಆ ಹಂತ ಮುಟ್ಟಲೇ ಇಲ್ಲ.

ಅದೇ ಸಾಲಿನಲ್ಲಿ, ಕನೆಕ್ಷನ್ ಹೇಗೆ ಮುಗಿಯಿತು ಎಂದು ಹೇಳುವ ನಾಲ್ಕು ಅಕ್ಷರದ ಟರ್ಮಿನೇಷನ್ ಕೋಡ್. ನಾಲ್ಕೂ ಅಡ್ಡಗೆರೆ ಇದ್ದರೆ ಸುಸೂತ್ರ. ಮೊದಲ ಅಕ್ಷರ ದೊಡ್ಡ 'ಸಿ' ಆದರೆ ಗ್ರಾಹಕರೇ ಕನೆಕ್ಷನ್ ಕಡಿದರು, ಚಿಕ್ಕ 'ಸಿ' ಆದರೆ ಅವರ ಕಡೆಯ ಟೈಮ್‌ಔಟ್ ಮುಗಿಯಿತು. ದೊಡ್ಡ 'ಎಸ್' ಎಂದರೆ ಸರ್ವರ್ ನಿರಾಕರಿಸಿತು ಅಥವಾ ಮಧ್ಯದಲ್ಲೇ ಕಡಿಯಿತು, ಚಿಕ್ಕ 'ಎಸ್' ಎಂದರೆ ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ. ಎರಡನೆಯ ಅಕ್ಷರ ಅದು ಯಾವ ಹಂತ ಎನ್ನುವುದನ್ನು ಹೇಳುತ್ತದೆ: 'ಕ್ಯೂ' ಎಂದರೆ ಸರದಿಯಲ್ಲಿದ್ದಾಗ, 'ಎಚ್' ಎಂದರೆ ಹೆಡರ್‌ಗೆ ಕಾಯುವಾಗ, 'ಡಿ' ಎಂದರೆ ಡೇಟಾ ಹರಿಯುವಾಗ. "ಹಣ ಹೋಯಿತು, ಟಿಕೆಟ್ ಬಂದಿಲ್ಲ" ಎಂಬ ದೂರು ಬಂದಾಗ ಡೆವಲಪರ್‌ಗಳು, ನೆಟ್‌ವರ್ಕ್‌ನವರು, ಪೇಮೆಂಟ್ ಗೇಟ್‌ವೇಯವರು ಒಬ್ಬರ ಮೇಲೊಬ್ಬರು ಹಾಕುವ ವಾದಕ್ಕೆ ಈ ಒಂದು ಸಾಲೇ ಸಾಕ್ಷಿ.

ಬೆಳಗ್ಗೆ ಚಹಾ ಬರುವ ಮುಂಚೆ ಮಾಡುವ ಮೊದಲ ಕೆಲಸ ಹಾಲಾಗ್ ಓಡಿಸುವುದು. ಡೆಬಿಯನ್ ಲಿನಕ್ಸಿನ ಎಚ್‌ಎಪ್ರಾಕ್ಸಿ ಪ್ಯಾಕೇಜಿನ ಜೊತೆಗೇ ಬರುವ, ಲಾಗ್ ಓದುವ ಪುಟ್ಟ ಉಪಕರಣ, ಬಹಳಷ್ಟು ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ನಿನ್ನೆಯ ಲಾಗನ್ನು ಅದಕ್ಕೆ ಉಣಿಸಿ 'ಮೈನಸ್ ಟಿಸಿ' ಎಂದರೆ ಟರ್ಮಿನೇಷನ್ ಕೋಡ್‌ಗಳ ಎಣಿಕೆ, 'ಮೈನಸ್ ಎಸ್‌ಆರ್‌ವಿ' ಎಂದರೆ ಸರ್ವರ್‌ವಾರು ಲೆಕ್ಕ, 'ಮೈನಸ್ ಪಿಸಿಟಿ' ಎಂದರೆ ಪರ್ಸೆಂಟೈಲ್. ದೊಡ್ಡ ಲಾಗನ್ನೂ ಚಕಚಕನೆ ಓದಿ ಮುಗಿಸುತ್ತದೆ. ಒಂದೇ ಸರ್ವರ್‌ನ ಸರಾಸರಿ ಮಾತ್ರ ಉಳಿದವಕ್ಕಿಂತ ಏರಿದ್ದರೆ ಗ್ರಾಹಕರು ಫೋನ್ ಮಾಡುವ ಮುಂಚೆಯೇ ಗೊತ್ತಾಗುತ್ತದೆ. ಲಾಗಿನ ಫಾರ್ಮ್ಯಾಟ್ ಮಾತ್ರ ಬದಲಿಸಬೇಡಿ. ಹಾಲಾಗ್ ಅಂಕಿಗಳನ್ನು ಅವು ಇರುವ ಜಾಗ ನೋಡಿ ಹುಡುಕುತ್ತದೆ. ಹೆಚ್ಚಿನ ಮಾಹಿತಿ ಬೇಕಿದ್ದರೆ ಸಾಲಿನ ಕೊನೆಗೆ ಸೇರಿಸಿ.

ಎಂಜಿನ್‌ಎಕ್ಸ್‌ನಲ್ಲೂ ಇಂಥ ಅಂಕಿಗಳು ಸಿಗುತ್ತವೆ, ಆದರೆ ತಾನಾಗಿ ಅಲ್ಲ. ಅಪ್‌ಸ್ಟ್ರೀಮ್ ಕನೆಕ್ಟ್ ಟೈಮ್, ಹೆಡರ್ ಟೈಮ್, ರೆಸ್ಪಾನ್ಸ್ ಟೈಮ್ ಎಂಬ ವೇರಿಯಬಲ್‌ಗಳನ್ನು ನಾವೇ ಲಾಗ್‌ಗೆ ಸೇರಿಸಬೇಕು, ಯಾರ ಕಡೆಯಿಂದ ಕಡಿಯಿತು ಎಂಬ ಚೊಕ್ಕ ಕೋಡ್ ಇಲ್ಲ. ಎಎಲ್‌ಬಿಯ ಆ್ಯಕ್ಸೆಸ್ ಲಾಗ್ ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೂ 5 ನಿಮಿಷಕ್ಕೊಮ್ಮೆ ಎಡಬ್ಲ್ಯುಎಸ್‌ನ ಫೈಲ್ ಉಗ್ರಾಣವಾದ ಎಸ್3ಗೆ ಬಂದು ಬೀಳುತ್ತದೆ. ಸೀಟುಗಳು ಖಾಲಿಯಾಗುತ್ತಿರುವ ಹೊತ್ತಿನಲ್ಲಿ 5 ನಿಮಿಷ ಬಹಳ ದೀರ್ಘ.

ಎರಡನೆಯ ಸಂತೋಷ ಸರದಿ. ಆ್ಯಪ್ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ 40 ಚಿಲ್ಡ್ರನ್ (ಕೆಲಸ ಮಾಡುವ ಪ್ರೊಸೆಸ್‌ಗಳು) ಇಟ್ಟಿದ್ದರೆ ಎಚ್‌ಎಪ್ರಾಕ್ಸಿಯಲ್ಲಿ ಆ ಸರ್ವರ್‌ನ ಮ್ಯಾಕ್ಸ್‌ಕಾನ್ (ಗರಿಷ್ಠ ಕನೆಕ್ಷನ್ ಸಂಖ್ಯೆ) ಕೂಡ 40 ಇಡಿ. 41ನೆಯ ರಿಕ್ವೆಸ್ಟ್ ಸರ್ವರ್‌ನ ಎದೆಯ ಮೇಲೆ ಕೂರದೆ ಪ್ರಾಕ್ಸಿಯಲ್ಲೇ ಕಾಯುತ್ತದೆ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಹೆಸರು ಬರೆಸಿ ಹೊರಗೆ ನಿಂತು, ಮೇಜು ಖಾಲಿಯಾದಂತೆ ಒಳಗೆ ಹೋದ ಹಾಗೆ: ಒಳಗಿನವರ ಊಟಕ್ಕೆ ತೊಂದರೆಯಿಲ್ಲ. ಆದರೆ 'ಟೈಮ್‌ಔಟ್ ಕ್ಯೂ' ಬರೆಯದೆ ಬಿಟ್ಟರೆ ಅದು ಟೈಮ್‌ಔಟ್ ಕನೆಕ್ಟ್‌ನ ಅವಧಿಯನ್ನೇ ಹಿಡಿಯುತ್ತದೆ. ಅಲ್ಲಿ 5 ಸೆಕೆಂಡ್ ಇದ್ದರೆ 5 ಸೆಕೆಂಡ್ ಕಾದವರಿಗೆ 503, ಅಂದರೆ 'ಸೇವೆ ಸಿಗುತ್ತಿಲ್ಲ' ಎಂಬ ಎರರ್ ಬೀಳುತ್ತದೆ, ಅವರು ರಿಫ್ರೆಶ್ ಒತ್ತುತ್ತಾರೆ, ಸರದಿ ಇನ್ನೂ ಉದ್ದವಾಗುತ್ತದೆ. ಬುಕಿಂಗ್ ಸೈಟಿಗೆ 20ರಿಂದ 30 ಸೆಕೆಂಡ್ ಇಡುವುದು ವಾಸಿ.

ಸರ್ವರ್ ಬದುಕಿದೆಯೇ ಎಂದು ಆಗಾಗ ನೋಡುವ ಹೆಲ್ತ್ ಚೆಕ್ ವಿಷಯದಲ್ಲಿ ಮೂರೂ ಬೇರೆಬೇರೆ ಸ್ವಭಾವದವು. ಎಚ್‌ಎಪ್ರಾಕ್ಸಿ ಮಾಮೂಲಾಗಿ 2 ಸೆಕೆಂಡಿಗೊಮ್ಮೆ ನೋಡಿ 3 ಸಲ ತಪ್ಪಿದರೆ ಸರ್ವರನ್ನು ಹೊರಗಿಡುತ್ತದೆ. ಎಎಲ್‌ಬಿಯ ಡಿಫಾಲ್ಟ್ 30 ಸೆಕೆಂಡಿಗೊಮ್ಮೆ, 2 ಸಲ. ಅಂದರೆ ಸುಮಾರು ಒಂದು ನಿಮಿಷ ಸತ್ತ ಸರ್ವರ್‌ಗೂ ಜನ ಹೋಗುತ್ತಲೇ ಇರುತ್ತಾರೆ, ಆ ಅವಧಿಯನ್ನು ಮೊದಲ ದಿನವೇ ಕಡಿಮೆ ಮಾಡಿಕೊಳ್ಳಿ. ಉಚಿತ ಎಂಜಿನ್‌ಎಕ್ಸ್‌ನಲ್ಲಿ ತಾನಾಗಿ ಹೋಗಿ ನೋಡುವ ಚೆಕ್ ಇಲ್ಲ, ಅದು ಹಣ ಕೊಟ್ಟು ಕೊಳ್ಳುವ ಪ್ಲಸ್‌ನಲ್ಲಿದೆ. ಉಚಿತದ್ದರಲ್ಲಿ ನಿಜವಾದ ಗ್ರಾಹಕರ ರಿಕ್ವೆಸ್ಟ್ ಸೋತಾಗಲೇ ಸರ್ವರ್ ಕೆಟ್ಟಿದೆ ಎಂದು ತಿಳಿಯುವುದು. ಎಚ್‌ಎಪ್ರಾಕ್ಸಿಯಲ್ಲೂ ಬರೀ 'ಚೆಕ್' ಎಂದು ಬರೆದು ಬಿಟ್ಟರೆ ಅದು ಟಿಸಿಪಿ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತದೆ. ಆ್ಯಪ್ ಹ್ಯಾಂಗ್ ಆಗಿದ್ದರೂ ಪೋರ್ಟ್ ತೆರೆದೇ ಇರುತ್ತದೆ, ಸ್ಟ್ಯಾಟ್ಸ್ ಪುಟ ಹಸಿರಾಗೇ ಕಾಣುತ್ತದೆ. 'ಆಪ್ಷನ್ ಎಚ್‌ಟಿಟಿಪಿಚೆಕ್' ಕಡ್ಡಾಯ. ಹಾಗೆಂದು ಆ ಚೆಕ್ ಪುಟದಲ್ಲಿ ಡೇಟಾಬೇಸ್ ಕ್ವೆರಿ ಹಾಕಬೇಡಿ: ಡೇಟಾಬೇಸ್ ನಿಧಾನವಾದ ಗಳಿಗೆಯಲ್ಲಿ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಕೆಂಪಾಗಿ, ನಿಧಾನವಾಗಿಯಾದರೂ ಓಡುತ್ತಿದ್ದ ಸೈಟ್ ಪೂರ್ತಿ ಮಲಗುತ್ತದೆ.

ಇಷ್ಟು ಹೊಗಳಿದ ಮೇಲೆ ಬೇಸರದ ಭಾಗ. ಎಚ್‌ಎಪ್ರಾಕ್ಸಿಯ ಸರ್ವರ್ ನಿರ್ವಹಣೆ ಒಂದು ಕಡೆ ಬಲವಾಗಿ ಕಚ್ಚುತ್ತದೆ. ಡಿಪ್ಲಾಯ್‌ಗೆ (ಹೊಸ ಕೋಡ್ ಏರಿಸುವುದಕ್ಕೆ) ಮುಂಚೆ ಅಡ್ಮಿನ್ ಸಾಕೆಟ್ ಮೂಲಕ ಒಂದು ಸರ್ವರನ್ನು ಡ್ರೇನ್ ಮಾಡುತ್ತೀರಿ, ಅಂದರೆ ಅದಕ್ಕೆ ಹೊಸಬರನ್ನು ಕಳಿಸುವುದು ನಿಲ್ಲಿಸುತ್ತೀರಿ, ಹಳೆಯ ಕನೆಕ್ಷನ್‌ಗಳು ಮುಗಿಯಲಿ ಎಂದು ಕಾಯುತ್ತೀರಿ. ಅಷ್ಟರಲ್ಲಿ ಪಾಳಿಯ ಇನ್ನೊಬ್ಬರು ಕಾನ್ಫಿಗ್‌ನ ಬೇರಾವುದೋ ಸಣ್ಣ ಬದಲಾವಣೆಗೆ ಎಚ್‌ಎಪ್ರಾಕ್ಸಿಯ ರಿಲೋಡ್ ಒತ್ತುತ್ತಾರೆ. ಹೊಸ ಪ್ರೊಸೆಸ್‌ಗೆ ಡ್ರೇನ್ ವಿಷಯ ಗೊತ್ತೇ ಇಲ್ಲ. ಅರ್ಧ ಡಿಪ್ಲಾಯ್ ಆದ ಸರ್ವರ್‌ಗೆ ಮತ್ತೆ ಜನ ನುಗ್ಗುತ್ತಾರೆ. ಇದಕ್ಕೆ ಸರ್ವರ್ ಸ್ಟೇಟ್ ಫೈಲ್ ಇದೆ: ರಿಲೋಡ್‌ಗೆ ಮುಂಚೆ 'ಶೋ ಸರ್ವರ್ಸ್ ಸ್ಟೇಟ್' ಔಟ್‌ಪುಟನ್ನು ಆ ಫೈಲಿಗೆ ಬರೆದು, ಕಾನ್ಫಿಗ್‌ನಲ್ಲಿ ಅದನ್ನು ಓದಲು ಹೇಳಬೇಕು. ಇದು ಮೊದಲಿನಿಂದಲೇ ಆನ್ ಆಗಿರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೀಟ್ ಮ್ಯಾಪ್‌ಗೆ ವೆಬ್‌ಸಾಕೆಟ್ (ಬಹಳ ಹೊತ್ತು ತೆರೆದೇ ಇರುವ ಕನೆಕ್ಷನ್) ಬಳಸುವವರಿಗೆ ಇನ್ನೊಂದು ಕಾಟ: ರಿಲೋಡ್ ಆದರೂ ಹಳೆಯ ಪ್ರೊಸೆಸ್ ಆ ಕನೆಕ್ಷನ್‌ಗಳು ಮುಗಿಯುವವರೆಗೆ ಸಾಯುವುದಿಲ್ಲ, ನಾಲ್ಕಾರು ರಿಲೋಡ್ ಆದರೆ ಮೆಮೊರಿ ತುಂಬುತ್ತದೆ. 'ಹಾರ್ಡ್-ಸ್ಟಾಪ್-ಆಫ್ಟರ್' 30 ನಿಮಿಷ ಎಂದು ಇಡಿ.

ಎಚ್‌ಎಪ್ರಾಕ್ಸಿ ಇರುವ ಯಂತ್ರವೇ ಸತ್ತರೆ ಏನು? ಅದಕ್ಕಿಂತ ದೊಡ್ಡ ಈ ಕೊರತೆ ಕ್ಲೌಡ್‌ನಲ್ಲಿ ಕಾಣುತ್ತದೆ. ಸ್ವಂತ ರ್‍ಯಾಕ್‌ನಲ್ಲಿ ಎರಡು ಪೆಟ್ಟಿಗೆ, ಒಂದು ಸತ್ತರೆ ವಿಳಾಸವನ್ನು ಇನ್ನೊಂದಕ್ಕೆ ದಾಟಿಸುವ ಕೀಪ್‌ಅಲೈವ್‌ಡಿ, ನಡುವೆ ಹಾರಾಡುವ ಒಂದು ಐಪಿ ಇದ್ದರೆ ಮುಗಿಯಿತು. ಎಡಬ್ಲ್ಯುಎಸ್‌ನಲ್ಲಿ ಕೀಪ್‌ಅಲೈವ್‌ಡಿಯ ಮಾಮೂಲಿ ಮಲ್ಟಿಕಾಸ್ಟ್ (ಗುಂಪಿಗೆ ಒಟ್ಟಿಗೆ ಕಳಿಸುವ ಸಂದೇಶ) ನಡೆಯುವುದಿಲ್ಲ. ಒಂದೇ ಯಂತ್ರಕ್ಕೆ ನೇರ ಕಳಿಸುವ ಯೂನಿಕಾಸ್ಟ್‌ಗೆ ತಿರುಗಿಸಿ, ಐಪಿಯನ್ನು ಎಪಿಐ ಕರೆ ಮಾಡಿ ಸ್ಥಳಾಂತರಿಸುವ ಸ್ಕ್ರಿಪ್ಟ್ ಬರೆಯಬೇಕು. ಬೇಡವೆಂದರೆ ಎರಡು ಎಚ್‌ಎಪ್ರಾಕ್ಸಿಗಳ ಮುಂದೆ ಎಡಬ್ಲ್ಯುಎಸ್‌ನದೇ ಇನ್ನೊಂದು ಲೋಡ್ ಬ್ಯಾಲೆನ್ಸರ್ ಆದ ಎನ್‌ಎಲ್‌ಬಿ ಇಡಬೇಕು. ಆಗ ಉಚಿತ ಸಾಫ್ಟ್‌ವೇರ್‌ನಿಂದ ಉಳಿದ ಹಣದಲ್ಲಿ ಒಂದು ಪಾಲು ಅಲ್ಲೇ ಕರಗಿತು.

ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೂಡ ತಲೆನೋವೇ. ಸರ್ಟಿಫಿಕೇಟ್ ತಾನಾಗಿ ತರುವ ಸರ್ಟ್‌ಬಾಟ್ ಕೊಡುವ ಫುಲ್‌ಚೈನ್ ಮತ್ತು ಪ್ರೈವೇಟ್ ಕೀ ಎರಡನ್ನೂ ಸಾಮಾನ್ಯವಾಗಿ ಒಂದೇ ಪೆಮ್ ಫೈಲಿಗೆ ಜೋಡಿಸಿ, ರಿಲೋಡ್ ಮಾಡುವ ಡಿಪ್ಲಾಯ್ ಹುಕ್ ಬರೆಯಬೇಕು. ಹುಕ್ ಮರೆತರೆ ಡಿಸ್ಕ್‌ನಲ್ಲಿ ಹೊಸ ಸರ್ಟಿಫಿಕೇಟ್, ಗ್ರಾಹಕರ ಬ್ರೌಸರ್‌ನಲ್ಲಿ ಅವಧಿ ಮೀರಿದ್ದು. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯಲಿದೆ, ಕೈಯಿಂದ ಮಾಡುವ ಅಭ್ಯಾಸ ಇದ್ದವರು ಈಗಲೇ ಬಿಡಬೇಕು. ಎಎಲ್‌ಬಿಗೆ ಎಡಬ್ಲ್ಯುಎಸ್‌ನದೇ ಸೇವೆಯಾದ ಎಸಿಎಂನ ಸರ್ಟಿಫಿಕೇಟ್ ಅಂಟಿಸಿ, ಡಿಎನ್‌ಎಸ್ ವ್ಯಾಲಿಡೇಷನ್ ರೆಕಾರ್ಡ್ ಅಳಿಸದೆ ಬಿಟ್ಟರೆ ಆಮೇಲೆ ಅದನ್ನು ಯೋಚಿಸುವುದೇ ಬೇಡ. ಈ ಒಂದು ಅಂಶದಲ್ಲಿ ಎಎಲ್‌ಬಿ ಗೆದ್ದಿದೆ.

ಎಎಲ್‌ಬಿ ಹಾಕಿಕೊಂಡು ಆಗೊಮ್ಮೆ ಈಗೊಮ್ಮೆ ಕಾರಣ ಕಾಣದ 502 (ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂಬ ಎರರ್) ಬರುತ್ತಿದ್ದರೆ ಇದನ್ನು ನೋಡಿ. ಅದರ ಐಡಲ್ ಟೈಮ್‌ಔಟ್, ಅಂದರೆ ಸುಮ್ಮನಿರುವ ಕನೆಕ್ಷನ್ ಉಳಿಸಿಕೊಳ್ಳುವ ಹೊತ್ತು, ಡಿಫಾಲ್ಟ್ ಆಗಿ 60 ಸೆಕೆಂಡ್. ಆ್ಯಪ್ ನೋಡ್‌ಜೆಎಸ್‌ನಲ್ಲಿದ್ದರೆ ಅದರ ಇಂಥದೇ ಹೊತ್ತಾದ ಕೀಪ್‌ಅಲೈವ್‌ನ ಡಿಫಾಲ್ಟ್ 5 ಸೆಕೆಂಡ್ ಇದ್ದು, ಸರ್ವರ್ ಕನೆಕ್ಷನ್ ಮುಚ್ಚುತ್ತಿರುವ ಕ್ಷಣದಲ್ಲೇ ಎಎಲ್‌ಬಿ ಅದರ ಮೇಲೆ ಹೊಸ ರಿಕ್ವೆಸ್ಟ್ ಕಳಿಸುತ್ತದೆ. ಆ್ಯಪ್ ಕಡೆಯದ್ದನ್ನು 65 ಸೆಕೆಂಡ್ ಮಾಡಿ, ಹೆಡರ್ಸ್ ಟೈಮ್‌ಔಟನ್ನು ಅದಕ್ಕಿಂತ ಒಂದು ಸೆಕೆಂಡ್ ಹೆಚ್ಚಿಡಿ.

ಲೋಡ್ ಬ್ಯಾಲೆನ್ಸಿಂಗ್‌ಗೆಂದೇ ಮಾರುವ ದುಬಾರಿ ಅಪ್ಲಯನ್ಸ್‌ಗಳ (ಸಿದ್ಧ ಪೆಟ್ಟಿಗೆಗಳ) ಬಗ್ಗೆ ಎರಡೇ ಮಾತು. ಬ್ಯಾಂಕು, ವಿಮಾ ಕಂಪನಿಗಳಿಗೆ ಅವು ಬೇಕಾಗಬಹುದು. ಆದರೆ 2020ರ ಜುಲೈನಲ್ಲಿ ಎಫ್5 ಬಿಗ್-ಐಪಿಯ ಮ್ಯಾನೇಜ್‌ಮೆಂಟ್ ಪುಟದಲ್ಲಿ, 2023ರ ಅಕ್ಟೋಬರ್‌ನಲ್ಲಿ ನೆಟ್‌ಸ್ಕೇಲರ್‌ನಲ್ಲಿ ಬಯಲಾದ ಭದ್ರತಾ ಬಿರುಕುಗಳನ್ನು ನೆನಪಿಡಿ. ಎರಡನೆಯದರಲ್ಲಿ ಪ್ಯಾಚ್ ಹಾಕಿದರಷ್ಟೇ ಸಾಲದು, ಜೀವಂತ ಸೆಷನ್‌ಗಳನ್ನೂ ಕೊಲ್ಲಬೇಕಿತ್ತು. ಪ್ಯಾಚ್ ಹಾಕುವ ಖಾಯಂ ಮನುಷ್ಯರಿಲ್ಲದ ಕಂಪನಿ ಅಪ್ಲಯನ್ಸ್ ಕೊಳ್ಳಬಾರದು.

ರಾತ್ರಿ ಎದ್ದು ನೋಡುವವರು ಇಲ್ಲದ ಸಣ್ಣ ಕಂಪನಿಗೆ ಎಎಲ್‌ಬಿ ಸಾಕು. ಲಿನಕ್ಸ್ ಬಲ್ಲ ಇಬ್ಬರಾದರೂ ಇದ್ದು, ಹಬ್ಬದ ನೂಕುನುಗ್ಗಲು ಇದ್ದರೆ ಎಚ್‌ಎಪ್ರಾಕ್ಸಿ, ಅದರಲ್ಲೂ ಆವೃತ್ತಿ ಸಂಖ್ಯೆಯ ಎರಡನೆಯ ಅಂಕಿ ಸಮಸಂಖ್ಯೆಯಾದ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ. ಆದರೆ ಲಾಗ್‌ಗಾಗಿ ಇದನ್ನು ಆರಿಸಿಕೊಂಡವರು ಲಾಗ್ ಕಳೆದುಕೊಳ್ಳಬಾರದು. ಲಿನಕ್ಸಿನ ಲಾಗ್ ಸಂಗ್ರಾಹಕ ಜರ್ನಲ್‌ಡಿ ಡಿಫಾಲ್ಟ್ ಆಗಿ ಒಂದು ಸರ್ವಿಸ್‌ನಿಂದ 30 ಸೆಕೆಂಡಿಗೆ 10,000 ಸಾಲು ದಾಟಿದರೆ ಉಳಿದದ್ದನ್ನು ಬಿಸಾಡಬಹುದು, ಅದೂ ಸರಿಯಾಗಿ ನೂಕುನುಗ್ಗಲಿನ ಹೊತ್ತಿಗೆ. ಹಾಗಾಗಿ ಇನ್ನೊಂದು ಸಂಗ್ರಾಹಕ ಆರ್‌ಸಿಸ್‌ಲಾಗ್‌ಗೆ ನೇರ ಕಳಿಸಿ, ಸಾಲಿನ ಉದ್ದವನ್ನು ಡಿಫಾಲ್ಟ್ 1024ರಿಂದ 4096ಕ್ಕೆ ಏರಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಒಂದು ಸಾಲಿಗೆ 300 ಬೈಟ್, ದಿನಕ್ಕೆ 10 ಲಕ್ಷ ರಿಕ್ವೆಸ್ಟ್ ಎಂದು ಹಿಡಿದರೆ ಒಟ್ಟು 54 ಜಿಬಿ. ದಿನಾ ಜಿಜಿಪ್ ಮಾಡಿ ಮುಂಬಯಿ ರೀಜನ್‌ನದೇ ಎಸ್3 ಬಕೆಟ್‌ಗೆ ಸಾಗಿಸಿದರೆ ಖರ್ಚು ಅಲ್ಪ.